ನನ್ನ ಡಬ್ಬಿ, ಫೋಲಾಕೆಯ ಡಬ್ಬಿ

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೊಸದಾಗಿ ಎಂಜಿನಿಯರ್ ಕೆಲಸಕ್ಕೆ ಸೇರುವ ನಮ್ಮ ಹುಡುಗ ಹುಡುಗಿಯರು ಆರ್ಟೇಶಿಯಾದ ಇಂಡಿಯನ್ ಅಂಗಡಿಯಲ್ಲಿ ಕೊತ್ತಂಬರಿ ಆರಿಸುವಾಗ ಸಿಕ್ಕರೆ ನನ್ನನ್ನು ಕೇಳುವುದು ಎರಡೇ ಪ್ರಶ್ನೆ. "ಅಂಕಲ್, ಇಂಟರ್‌ವ್ಯೂಗೆ ಏನು ಓದ್ಬೇಕು?" ಮತ್ತು "ಅಂಕಲ್, ಲೇಆಫ್ ಆದ್ರೆ ಏನು ಮಾಡ್ಬೇಕು?" ಇವೆರಡರ ನಡುವೆ ಕೆಲಸ ಅಂತ ಒಂದಿರುತ್ತದೆ. ಅದರ ಬಗ್ಗೆ ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳುತ್ತೇನೆ, ನಿವೃತ್ತನಾದವನಿಗೆ ಉಳಿಯುವ ಅಧಿಕಾರ ಅದೊಂದೇ.

ನಾನು ಕೆಲಸ ಮಾಡಿದ್ದು ಸ್ಯಾನ್ ಡಿಯೆಗೊದ ಒಂದು ಮಧ್ಯಮ ಗಾತ್ರದ ಕಂಪನಿಯಲ್ಲಿ. ಮನೆಯ ಮಾಡಿನ ಮೇಲೆ ಸೋಲಾರ್ ಫಲಕ, ಗೋಡೆಗೆ ಬ್ಯಾಟರಿ, ಇವೆರಡರ ನಡುವೆ ಒಂದು ಲೋಹದ ಪೆಟ್ಟಿಗೆ. ಕರೆಂಟ್ ಹೋದಾಗ ಬ್ಯಾಟರಿಯಲ್ಲಿರುವ ಅಷ್ಟಿಷ್ಟನ್ನು ಫ್ರಿಜ್ಜಿಗೆ ಕೊಡಬೇಕೋ, ದೀಪಕ್ಕೋ, ಟೀವಿಗೋ ಎಂದು ನಿರ್ಧರಿಸುವುದು ಆ ಪೆಟ್ಟಿಗೆ. ಕಂಪನಿಯ ಕಾಗದಗಳಲ್ಲಿ ಅದಕ್ಕೊಂದು ಉದ್ದನೆಯ ಹೆಸರಿತ್ತು. ನನ್ನ ಹೆಂಡತಿ ಶೈಲಾ ಅದನ್ನು ಡಬ್ಬಿ ಎಂದಳು. ಹತ್ತು ವರ್ಷ ತಿದ್ದಿ ತೀಡಿ ನಾನು ಮಾಡಿದ ಡಬ್ಬಿ ಅದು. ನಾನೂ ಹಾಗೇ ಕರೆಯತೊಡಗಿದೆ.

ಏನೇನು ಕೆಡಬಹುದು ಎಂದು ಮೊದಲೇ ಊಹಿಸಿ ಅದಕ್ಕೆ ದಾರಿ ಹುಡುಕುವುದು ನನ್ನ ಹುದ್ದೆಯ ಸಾರ. ಹುಟ್ಟಿನಿಂದ ಪುಕ್ಕಟೆಯಾಗಿ ಮಾಡಿಕೊಂಡು ಬಂದಿದ್ದ ಕೆಲಸಕ್ಕೆ ಸಂಬಳ ಕೊಡುವವರೂ ಇದ್ದಾರೆ ಎಂದು ತಿಳಿದಾಗ ನನಗೆ ಆದ ಮೊದಲ ಭಾವನೆ, ಇದು ಎಷ್ಟು ದಿನ ನಡೆಯುತ್ತದೋ ಎಂಬ ಚಿಂತೆ. ನನ್ನ ಕಾರಿನ ಡಿಕ್ಕಿಯಲ್ಲಿ ಎರಡು ಟಾರ್ಚ್ ಇರುತ್ತವೆ. ಮೊದಲನೆಯದು ಕೈಕೊಟ್ಟರೆ ಎರಡನೆಯದು. ಅಂಗಳ ದಾಟಿ ಪಕ್ಕದ ಮನೆಯನ್ನೂ ಮುಟ್ಟುವಷ್ಟು ಉದ್ದದ ಎಕ್ಸ್‌ಟೆನ್ಷನ್ ವೈರು ಇರುತ್ತದೆ. ಅದನ್ನು ಯಾವಾಗ ಬಳಸುತ್ತೀರಿ ಎಂದು ಸಹೋದ್ಯೋಗಿಗಳು ನಗುತ್ತಿದ್ದರು.

ನನ್ನ ಮೇಲಧಿಕಾರಿ ಮಾರ್ಕ್ ಒಳ್ಳೆಯ ಮನುಷ್ಯ. ಅವನ ಆಡಳಿತ ಎರಡು ಪದಗಳಲ್ಲಿ ಮುಗಿಯುತ್ತಿತ್ತು: "ಡೋಂಟ್ ವರಿ." ನಾನು ವರಿ ಮಾಡಲೆಂದೇ ಕಂಪನಿ ನನಗೆ ಸಂಬಳ ಕೊಡುತ್ತಿದೆ ಎಂಬುದು ಅವನಿಗೆ ಕೊನೆಯವರೆಗೂ ಹೊಳೆಯಲಿಲ್ಲ. ಬಡ್ತಿಗಳ ವಿಷಯ ಬಿಡುತ್ತೇನೆ. ಬರೆಯುವಷ್ಟು ಇಲ್ಲ.

೨೦೨೦ರಲ್ಲಿ ಆಫೀಸುಗಳೆಲ್ಲ ಮುಚ್ಚಿದಾಗ ಆರ್ಟೇಶಿಯಾ ಪಕ್ಕದ ಸೆರಿಟೋಸ್‌ನ ನಮ್ಮ ಮನೆಯ ಗರಾಜು ನನ್ನ ಪ್ರಯೋಗಶಾಲೆಯಾಯಿತು. ಮಗಳು ಅನಘಾಳ ಶಾಲೆಗಾಗಿ ನಾವು ಸೆರಿಟೋಸ್ ಬಿಟ್ಟು ಕದಲಿರಲಿಲ್ಲ. ಅಲ್ಲಿಯವರೆಗೆ ನಾನು ಸ್ಯಾನ್ ಡಿಯೆಗೊಗೂ ಮನೆಗೂ ನಡುವೆ ಫ್ರೀವೇಯಲ್ಲಿ ಜೀವ ತೇಯುತ್ತಿದ್ದೆ. ಈಗ ಅಕ್ಕಿ ಚೀಲಕ್ಕೂ ವಾಷಿಂಗ್ ಮಷಿನ್ನಿಗೂ ನಡುವೆ ಮೇಜು ಹಾಕಿ, ಡಬ್ಬಿಯನ್ನು ಮನೆಯ ಲೈನಿಗೇ ಜೋಡಿಸಿ ಪರೀಕ್ಷೆ ಶುರು ಮಾಡಿದೆ. ಒಂದು ಬೆಳಿಗ್ಗೆ ಇಡೀ ಮನೆಯ ಕರೆಂಟ್ ಹೊಡೆದುಕೊಂಡು ಹೋಯಿತು. ಒಳಗೆ ಅನಘಾ ಆನ್‌ಲೈನ್ ಪರೀಕ್ಷೆ ಬರೆಯುತ್ತಿದ್ದಳು.

"ಡ್ಯಾಡ್!" ಎಂಬ ಕೂಗಿನ ಹಿಂದೆಯೇ ಶೈಲಾ ಬಾಗಿಲಲ್ಲಿ ಬಂದು ನಿಂತಳು. ಕೈತುಂಬ ರೊಟ್ಟಿ ಹಿಟ್ಟು.

"ಕರೆಂಟ್ ಹೋದ್ರ ಕೊಡೂ ಡಬ್ಬಿ ಅಂದಿದ್ರಿ. ಇದು ಇದ್ದದ್ದನ್ನೂ ತೆಗೀತಲ್ರೀ?"

"ಟೆಸ್ಟಿಂಗ್ ನಡದೈತಿ."

"ನಿಮ್ಮ ಟೆಸ್ಟ್ ಆಮ್ಯಾಲೆ. ಮೊದ್ಲ ಅಕೀ ಟೆಸ್ಟ್ ಮುಗೀಲಿ."

ಆ ವರ್ಷ ಕೆಲಸದ ರೀತಿಯೇ ಬದಲಾಯಿತು. ಮೊದಲೆಲ್ಲ ಗಿರಾಕಿಯ ಮನೆಗೆ ಹೋಗಿ, ಅವರ ನಾಯಿಯ ಸ್ನೇಹ ಸಂಪಾದಿಸಿ, ಡಬ್ಬಿ ಬಿಚ್ಚಿ ನೋಡುತ್ತಿದ್ದೆವು. ಈಗ ಹೋಗುವಂತಿರಲಿಲ್ಲ. ಹಾಗಾಗಿ ಡಬ್ಬಿಯ ಬುದ್ಧಿಯನ್ನು ಡಬ್ಬಿಯಿಂದ ತೆಗೆದು ದೂರದ ಸರ್ವರಿನಲ್ಲಿ ಇಟ್ಟೆವು. ಡಬ್ಬಿ ಇಂಟರ್ನೆಟ್ಟಿನಲ್ಲಿ ಕೇಳುತ್ತದೆ, ಸರ್ವರು ಹೇಳುತ್ತದೆ. ಏನಾದರೂ ತಿದ್ದುವುದಿದ್ದರೆ ಗರಾಜಿನಲ್ಲೇ ಕೂತು ತಿದ್ದಬಹುದು. ಯೋಚನೆ ನನ್ನದೇ. ನನ್ನ ಪರದೆಯ ಮೇಲೆ ದಕ್ಷಿಣ ಕ್ಯಾಲಿಫೋರ್ನಿಯಾದ ನಕ್ಷೆ, ಒಂದೊಂದು ಡಬ್ಬಿಗೂ ಒಂದೊಂದು ಹಸಿರು ಚುಕ್ಕಿ. ಎಲ್ಲ ಹಸಿರಾಗಿದ್ದರೆ ನನ್ನಂಥವನಿಗೂ ನಿದ್ದೆ ಬರುತ್ತಿತ್ತು. ಕಿರಿಯರೇ, ನಿಮಗೂ ಇಂಥ ಪರದೆ ಕೊಡುತ್ತಾರೆ. ಅದು ಪೂರ್ತಿ ಹಸಿರಾಗಿರುವ ದಿನ ಕಾರು ತೆಗೆದುಕೊಂಡು ಯಾವುದಾದರೊಂದು ಚುಕ್ಕಿಯ ಹತ್ತಿರ ಹೋಗಿ ನೋಡಿ ಬನ್ನಿ.

ಎರಡು ವರ್ಷವಾದ ಮೇಲೆ ಮಾರ್ಕ್ ಫೋನ್ ಮಾಡಿದ. ಸ್ಯಾನ್ ಡಿಯೆಗೊದ ಪೂರ್ವಕ್ಕಿರುವ ಗುಡ್ಡಗಳಲ್ಲಿ ಒಣಗಾಳಿ ಜೋರಾದರೆ, ತಂತಿ ಹರಿದು ಕಾಡಿಗೆ ಬೆಂಕಿ ಬೀಳಬಾರದೆಂದು ವಿದ್ಯುತ್ ಕಂಪನಿಯವರೇ ಕರೆಂಟ್ ತೆಗೆಯುತ್ತಾರೆ. ಕೆಲವೊಮ್ಮೆ ದಿನಗಟ್ಟಲೆ. ಆ ಗುಡ್ಡದ ಜನಕ್ಕೆ ಮಾರಲು ಒಳ್ಳೆಯ ಡಬ್ಬಿ ಬೇಕಿತ್ತು. ನಮ್ಮ ಕಂಪನಿಗೆ ಹಣ ಹಾಕಿದ್ದ ಕಲ್ವರ್ ಸಿಟಿಯ ಹೂಡಿಕೆದಾರರು ನೈಜೀರಿಯಾದ ಒಂದು ಕಂಪನಿಯನ್ನು ಹುಡುಕಿ ತಂದಿದ್ದರು.

"ಎರಡು ಕಂಪನಿ ಜೊತೆಯಾಗುತ್ತವೆ, ಗುರು. ಡಬ್ಬಿ ಮಾತ್ರ ಒಂದೇ ಉಳಿಯುತ್ತದೆ. ನಿನ್ನದು, ಇಲ್ಲವೇ ಅವರದು," ಎಂದ ಮಾರ್ಕ್. ನನ್ನ ಹೆಸರು ಗುರುಸಿದ್ಧಪ್ಪ. ಅಮೆರಿಕ ಅದರಲ್ಲಿ ಮೊದಲ ಎರಡು ಅಕ್ಷರ ಮಾತ್ರ ಇಟ್ಟುಕೊಂಡಿತ್ತು. "ಡೋಂಟ್ ವರಿ," ಎಂದೂ ಸೇರಿಸಿದ.

ನೈಜೀರಿಯಾ ಎಂದಾಗ ನನಗೆ ನಿಜವಾಗಿ ಸಮಾಧಾನವೇ ಆಯಿತು. ಕರೆಂಟೇ ನೆಟ್ಟಗಿರದ ಊರಿನವರು ನಮಗೇನು ಕಲಿಸುತ್ತಾರೆ ಅಂದುಕೊಂಡೆ. ಹೀಗೆ ಅಂದುಕೊಂಡವನು ಎಂಬತ್ತರ ದಶಕದ ಗದಗಿನಲ್ಲಿ ಚಿಮಣಿ ಬುಡ್ಡಿಯ ಬೆಳಕಿನಲ್ಲಿ ಎಸ್ಸೆಸ್ಸೆಲ್ಸಿ ಓದಿದವನು ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು.

ಕಲ್ವರ್ ಸಿಟಿಯ ಸಭೆಗೆ ನಾನು ಎರಡು ಲ್ಯಾಪ್‌ಟಾಪ್ ಒಯ್ದಿದ್ದೆ. ಡಬ್ಬಿ ಕೆಲಸ ಮಾಡುವುದನ್ನು ಮೊದಲೇ ವಿಡಿಯೊ ಮಾಡಿ ಎರಡರಲ್ಲೂ ಇಟ್ಟಿದ್ದೆ, ಅಲ್ಲಿ ಡಬ್ಬಿ ಕೈಕೊಟ್ಟರೆ ಇರಲೆಂದು. ಕೈಕೊಡಲಿಲ್ಲ. ಹೂಡಿಕೆದಾರರು ಸೌಜನ್ಯದಿಂದ ತಲೆಯಾಡಿಸಿದರು. ಮುಂದಿನ ಸಾಲಿನಲ್ಲಿದ್ದ ಹಿರಿಯ ಹೂಡಿಕೆದಾರ ಬಾದಾಮಿ ತಿನ್ನುತ್ತಿದ್ದ.

ಆಮೇಲೆ ಫೋಲಾಕೆ ಎದ್ದಳು. ಇಬಾದಾನ್ ಊರಿನವಳು, ಮೂವತ್ತು ದಾಟಿರಬಹುದು, ಕಂಪನಿ ಕಟ್ಟಿದವಳೂ ಡಬ್ಬಿ ಮಾಡಿದವಳೂ ಅವಳೇ. ಡಬ್ಬಿಯನ್ನು ಹೂವಿನ ಚಿತ್ರದ ಬಟ್ಟೆ ಚೀಲದಲ್ಲಿ ತಂದಿದ್ದಳು. ಮಾತಾಡಿದ್ದು ಇಂಗ್ಲಿಷೇ, ಆದರೆ ಆ ಏರಿಳಿತ ನನಗೆ ಗದಗಿನ ಬಸ್ ನಿಲ್ದಾಣದಲ್ಲಿ ಕೇಳಿದ ಹಾಗಿತ್ತು. ಅದಕ್ಕೇ ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಈ ಕೋಣೆಯ ವೈಫೈ ಆಫ್ ಮಾಡಿಸ್ತೀರಾ?" ಎಂದು ಕೇಳಿದಳು. ಮಾಡಿಸಿದರು. ಗೋಡೆಯ ಪ್ಲಗ್ಗನ್ನು ತಾನೇ ಕಿತ್ತಳು. ಆಮೇಲೆ ಬ್ಯಾಟರಿಯ ವೈರನ್ನೂ ಕಿತ್ತಳು. ನಾನು ಕುರ್ಚಿಯ ಅಂಚಿಗೆ ಬಂದೆ. ಪ್ರದರ್ಶನದಲ್ಲಿ ಯಾರೂ ಬ್ಯಾಟರಿ ಕೀಳುವುದಿಲ್ಲ. "ನಮ್ಮಲ್ಲಿ ಡೆಮೊ ಅಂದ್ರೆ ಮೊದಲು ಎಲ್ಲಾ ಕೀಳೋದು," ಎಂದಳು ಆಕೆ. "ಕೊಳ್ಳೋವ್ರು ಅದನ್ನೇ ಕೇಳ್ತಾರೆ. ಇರೋವಾಗ ಇದ್ದೇ ಇರುತ್ತಲ್ಲ, ಇಲ್ಲದಾಗ ತೋರ್ಸು ಅಂತಾರೆ."

ಸತ್ತುಬಿದ್ದ ಡಬ್ಬಿಗೆ ಪುಟ್ಟ ಸೋಲಾರ್ ಫಲಕವೊಂದನ್ನು ಜೋಡಿಸಿ ಕಿಟಕಿಯ ಬಿಸಿಲಿಗೆ ಹಿಡಿದಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ನಾನು ಒಳಗೊಳಗೇ ಬೆಚ್ಚಗಾದೆ. ಅಷ್ಟರಲ್ಲಿ ದೀಪ ಹತ್ತಿತು, ಜೊತೆಗೇ ಡಬ್ಬಿಯೊಳಗಿಂದ ನೂರು ಮಕ್ಕಳು ಒಟ್ಟಿಗೇ ಕೂಗಿದ ಹಾಗೆ ಹೋ ಎಂದು ಸದ್ದು ಬಂತು. ಕೋಣೆಯಲ್ಲಿದ್ದವರು ಬೆಚ್ಚಿಬಿದ್ದರು, ಆಮೇಲೆ ನಕ್ಕರು, ಆಮೇಲೆ ಚಪ್ಪಾಳೆ ತಟ್ಟಿದರು.

"ನಮ್ಮೂರಲ್ಲಿ ಕರೆಂಟ್ ಬಂದ ತಕ್ಷಣ ಇಡೀ ಬೀದಿ ಕೂಗುತ್ತೆ," ಎಂದಳು. "ಆ ಕೂಗಿಲ್ದೆ ದೀಪ ಹತ್ತಿದ್ರೆ ನಮ್ಮಮ್ಮ ನಂಬೋದೇ ಇಲ್ಲ."

ಆಮೇಲೆ ವ್ಯಾಪಾರದ ಮಾತು. ಆಕೆಯ ಗಿರಾಕಿಗಳು ದರ್ಜಿಗಳು, ಕ್ಷೌರದ ಅಂಗಡಿಯವರು, ಔಷಧಿ ಅಂಗಡಿಯವರು. ಒಟ್ಟಿಗೇ ಹಣ ಕೊಟ್ಟು ಕೊಳ್ಳಲಾಗದವರು ಮೊಬೈಲಿನಲ್ಲೇ ಚೂರು ಚೂರು ಕಟ್ಟುತ್ತಾರೆ. ಕಟ್ಟಿ ಮುಗಿದ ದಿನ ಡಬ್ಬಿ ಅವರದು. ನೈಜೀರಿಯಾದಿಂದ ಘಾನಾಕ್ಕೆ ಹೋಗಿದೆ, ಕೆನ್ಯಾಕ್ಕೆ ಹೋಗಿದೆ, ಈಗ ಕ್ಯಾಲಿಫೋರ್ನಿಯಾಕ್ಕೆ ಬಂದಿದೆ. "ನಿಮ್ಮ ಕರೆಂಟೂ ಹೋಗ್ತಿದೆ ಅಂತ ಕೇಳಿದ್ವಿ. ನಮಗೆ ಅನುಭವ ಇದೆ, ಸಹಾಯ ಮಾಡೋಣ ಅಂತ ಬಂದ್ವಿ," ಎಂದಳು. ಬಾದಾಮಿಯವನು ಬಾದಾಮಿ ಬಿಟ್ಟು ಎದ್ದುನಿಂತು, ಮುಂದಿನ ಕಾಲ ಆಫ್ರಿಕಾದ್ದು ಎಂದು ಘೋಷಿಸಿದ.

ನನಗೆ ಹೊಟ್ಟೆ ಉರಿಯಿತು. ಡಬ್ಬಿ ಚೆನ್ನಾಗಿದೆ ಎಂಬ ಕಾರಣಕ್ಕಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಉರಿದದ್ದು ಆ ಕೂಗಿಗೆ. ಆ ಕೂಗು ನಮ್ಮದೂ ಆಗಿತ್ತು. ನಮ್ಮ ಓಣಿಯಲ್ಲಿ ಕರೆಂಟ್ ಬಂದರೆ ಗಿರಣಿಯ ಮುಂದೆ ಜೋಳದ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರಿಂದ ಹಿಡಿದು ಗೋಲಿ ಆಡುವ ಹುಡುಗರವರೆಗೆ ಎಲ್ಲರೂ "ಬಂತೋ!" ಎಂದು ಕೂಗುತ್ತಿದ್ದೆವು. ಬೆಟಗೇರಿಯ ಮಗ್ಗಗಳು ಒಮ್ಮೆಲೇ ಶುರುವಾಗುತ್ತಿದ್ದವು. ಕತ್ತಲೆ ನಮಗೇನೂ ಕಡಿಮೆ ಇರಲಿಲ್ಲ. ಆಕೆ ತನ್ನ ಪಾಲಿನ ಕತ್ತಲೆಯಿಂದ ಒಂದು ಕಂಪನಿ ಕಟ್ಟಿದಳು. ನಾನು ನನ್ನ ಪಾಲಿನದರಿಂದ ಎರಡು ಟಾರ್ಚ್ ಕೊಂಡೆ.

ಸಭೆ ಮುಗಿದ ಮೇಲೆ ಆಕೆಯೇ ನನ್ನ ಹತ್ತಿರ ಬಂದು ಸ್ವಲ್ಪ ಬಾಗಿ ನಮಸ್ಕಾರದಂಥದೇನೋ ಮಾಡಿದಳು. "ಅಂಕಲ್, ನಿಮ್ಮ ಹಳೇ ಮಾಡೆಲ್ ನೋಡಿಯೇ ನಾವು ಕಲಿತದ್ದು," ಎಂದಳು. ಅವರಲ್ಲೂ ಹಿರಿಯರನ್ನು ಹೆಸರು ಹಿಡಿದು ಕರೆಯುವುದಿಲ್ಲವಂತೆ. ಈ ದೇಶದಲ್ಲಿ ಆಫೀಸಿನೊಳಗೆ ನನ್ನನ್ನು ಅಂಕಲ್ ಎಂದ ಮೊದಲ ವ್ಯಕ್ತಿ ಆಕೆ. ಪಕ್ಕದಲ್ಲಿದ್ದ ಮಾರ್ಕ್ ಅಂದಿನಿಂದ ತಾನೂ ಹಾಗೇ ಕರೆಯತೊಡಗಿದ. ಅವನು ನನಗಿಂತ ನಾಲ್ಕು ವರ್ಷ ದೊಡ್ಡವನು.

ತೀರ್ಮಾನಕ್ಕೆ ಮೊದಲು ಎರಡೂ ಡಬ್ಬಿಗಳನ್ನು ಗುಡ್ಡದ ಮೇಲೆ ಇಟ್ಟು ನೋಡುವುದೆಂದಾಯಿತು. ಅದಕ್ಕೆ ಮೊದಲು ಆಕೆಯ ಡಬ್ಬಿ ಪರೀಕ್ಷಿಸುವ ಕೆಲಸ ನನಗೇ ಬಂತು. ಗರಾಜಿನಲ್ಲಿ ಅದನ್ನು ಬಿಚ್ಚುವಾಗ ಒಳಗೆ ಎಲ್ಲಾದರೂ ಕಳಪೆ ಬೆಸುಗೆ ಕಾಣಲಿ ಎಂದು ದೇವರನ್ನು ಕೇಳಿಕೊಂಡೆ. ಕಾಣಲಿಲ್ಲ. ಸ್ಕ್ರೂಗಳೆಲ್ಲ ಒಂದೇ ಅಳತೆಯವು. ಒಂದೇ ಸ್ಕ್ರೂಡ್ರೈವರಿನಲ್ಲಿ ಇಡೀ ಡಬ್ಬಿ ಬಿಚ್ಚಿತು. ನನ್ನದಕ್ಕೆ ನಾಲ್ಕು ಬೇಕು, ಅವುಗಳಲ್ಲಿ ಒಂದು ಯಾವಾಗಲೂ ಕಳೆದಿರುತ್ತದೆ.

"ಯಾಕ ಮಾರಿ ಹಿಂಗ ಮಾಡ್ಕೊಂಡೀರಿ? ಡಬ್ಬಿ ಚಲೋ ಇಲ್ಲೇನು?" ಎಂದಳು ಶೈಲಾ.

"ಚಲೋ ಐತಿ. ಅದಕ್ಕ."

ಅನಘಾ ನಾವು ಕನ್ನಡದಲ್ಲಿ ಏನೇ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವವಳು. "ಡ್ಯಾಡ್, ಯು ಆರ್ ಸೋ ಜೆಲಸ್," ಎಂದಳು ಫೋನಿನಿಂದ ತಲೆಯೆತ್ತದೆ.

"ಜೆಲಸ್ ಅಲ್ಲವ್ವಾ. ಟೆಕ್ನಿಕಲ್ ಡೌಟ್ಸ್."

"ದಟ್ಸ್ ಜಸ್ಟ್ ಜೆಲಸ್ ವಿತ್ ಎ ಡಿಗ್ರೀ."

ಕೊನೆಗೂ ಒಂದು ತಪ್ಪು ಸಿಕ್ಕಿತು. ಇಲ್ಲಿ ಮನೆಗೆ ಬೆಂಕಿ ಬಿದ್ದರೆ ಅಗ್ನಿಶಾಮಕದವರು ಮಾಡು ಹತ್ತುವ ಮೊದಲು ಒಂದೇ ಸ್ವಿಚ್ಚಿನಲ್ಲಿ ಮೇಲಿನ ವೈರುಗಳ ಕರೆಂಟ್ ಸತ್ತುಹೋಗಬೇಕು. ಅದು ನಿಯಮ. ಆಕೆಯ ಡಬ್ಬಿಯಲ್ಲಿ ಆ ಏರ್ಪಾಟು ಇರಲಿಲ್ಲ. ನಾನು ಫೋನ್ ಮಾಡಿ, ದುಃಖದ ಸುದ್ದಿ ತಿಳಿಸುವವನ ಧ್ವನಿಯಲ್ಲಿ ಹೇಳಿದೆ. ಮರುವಾರವೇ ಅದು ಸರಿಯಾಗಿ ಬಂತು. ಜೊತೆಗೆ ಒಂದು ಸಂದೇಶ: "ಅಂಕಲ್, ನೀವು ಹೇಳದಿದ್ರೆ ನಾವು ಮುಳುಗಿಬಿಡ್ತಿದ್ವಿ. ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ." ಕಂಡುಹಿಡಿದ ಒಂದೇ ಒಂದು ತಪ್ಪು ಹೀಗೆ ಕೈಬಿಟ್ಟುಹೋಯಿತು.

ಒಂದು ಸಂಗತಿ ಮಾತ್ರ ಮನಸ್ಸಿಗೆ ಹಾಯೆನಿಸಿತು. ಮಕ್ಕಳ ಕೂಗು ಅಮೆರಿಕದ ಗಿರಾಕಿಗಳನ್ನು ಗಾಬರಿಪಡಿಸೀತೆಂದು ಮಾರ್ಕ್ ಅದನ್ನು ತೆಗೆಸಿಬಿಟ್ಟ. ಫೋಲಾಕೆ, "ಆಯ್ತು, ಗಿರಾಕಿ ನಿಮ್ಮವ್ರು," ಎಂದಳು. ಅವಳ ಮುಖ ಸಣ್ಣದಾದದ್ದನ್ನು ನಾನು ಅಂದು ಮೊದಲ ಬಾರಿಗೆ ಕಂಡೆ.

ಆ ಸುಖವೂ ಹೆಚ್ಚು ದಿನ ಉಳಿಯಲಿಲ್ಲ, ಏಕೆಂದರೆ ಶೈಲಾ ಆಕೆಯನ್ನು ಊಟಕ್ಕೆ ಕರೆದಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಕೆಂಪು ಮೆಣಸಿನಕಾಯಿಯ ರಂಜಕ. ನನ್ನ ಅಮೆರಿಕನ್ ಗೆಳೆಯರು ಊಟಕ್ಕೆ ಬಂದಾಗಲೆಲ್ಲ, ಖಾರ ತಾಳಲಾರರೆಂದು, ಇಷ್ಟು ವರ್ಷ ಶೈಲಾ ಬಚ್ಚಿಡುತ್ತ ಬಂದಿದ್ದ ರಂಜಕ ಅದು. ಫೋಲಾಕೆ ಕೈಯಲ್ಲೇ ಉಂಡಳು, ರಂಜಕ ಎರಡನೇ ಸಲ ಹಾಕಿಸಿಕೊಂಡು, "ಆಂಟಿ, ಇದರಲ್ಲಿ ಇನ್ನೂ ಸ್ವಲ್ಪ ಖಾರ ಇರಬಹುದಿತ್ತು," ಎಂದಳು. ಶೈಲಾ ನನ್ನ ಕಡೆ ನೋಡಿದ ನೋಟದಲ್ಲಿ, ಇಷ್ಟು ದಿನ ಎಂಥವರನ್ನೆಲ್ಲ ಮನೆಗೆ ಕರೆತಂದಿರಿ ಎಂಬ ಆಕ್ಷೇಪವಿತ್ತು.

"ನಿಮ್ಮೂರಲ್ಲೂ ಕರೆಂಟ್ ಹೋಗ್ತಿತ್ತಾ, ಅಂಕಲ್?" ಎಂದು ಫೋಲಾಕೆ ಕೇಳಿದಳು.

"ಯಾವಾಗಾದರೊಮ್ಮೆ," ಎಂದೆ.

ಶೈಲಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಯಾವಾಗರೆ ಒಮ್ಮೆ ಬರ್ತಿತ್ತು ಅನ್ರಿ!" ಎಂದಳು. ಅನಘಾ ಅದನ್ನು ಬಹಳ ಉತ್ಸಾಹದಿಂದ ಇಂಗ್ಲಿಷಿಗೆ ತಂದಳು. ಮೂವರೂ ನಕ್ಕರು. ಫೋಲಾಕೆ ನಗು ನಿಲ್ಲಿಸಿ ನನ್ನನ್ನೇ ನೋಡಿದಳು. "ಹಾಗಿದ್ರೆ ನಿಮಗೆ ಎಲ್ಲಾ ಗೊತ್ತು," ಎಂದಳು. ನಾನು ಮೊಸರು ಕೇಳಿದೆ.

ಗುಡ್ಡದ ಮೇಲಿನ ಒಂದು ಪುಟ್ಟ ಊರಿನ ಕ್ಲಿನಿಕ್ಕನ್ನು ಪ್ರಯೋಗಕ್ಕೆ ಆರಿಸಿದರು. ಎರಡು ಡಬ್ಬಿ, ಎರಡು ಬ್ಯಾಟರಿ, ಎರಡು ಸಾಲು ಫಲಕ. ಲಸಿಕೆಗಳನ್ನು ಇಡುವ ಫ್ರಿಜ್ಜು ಮತ್ತು ಮುಂದಿನ ಕೋಣೆಗಳ ಎಸಿ ನನ್ನ ಡಬ್ಬಿಗೆ. ದೀಪ ಮತ್ತು ನೀರಿನ ಪಂಪು ಆಕೆಯದಕ್ಕೆ. ಫ್ರಿಜ್ಜು ಮುಖ್ಯವಾದದ್ದು, ಅದು ನನಗೇ ಇರಲಿ ಎಂದು ಹಟ ಹಿಡಿದು ಕೇಳಿ ಪಡೆದಿದ್ದೆ. ಡಬ್ಬಿ ಗೆಲ್ಲಬೇಕಾದರೆ ಮುಖ್ಯವಾದದ್ದನ್ನೇ ಹೊತ್ತು ಗೆಲ್ಲಬೇಕು.

ಆ ಶರತ್ಕಾಲದಲ್ಲಿ ಗಾಳಿ ಎದ್ದಿತು. ಗುಡ್ಡದ ಕರೆಂಟ್ ತೆಗೆದರು. ನಾನು ಗರಾಜಿನಲ್ಲಿ ಪರದೆಯ ಮುಂದೆಯೇ ಕೂತಿದ್ದೆ. ಕ್ಲಿನಿಕ್ಕಿನ ಚುಕ್ಕಿ ಮೊದಲ ದಿನ ಹಸಿರು, ಎರಡನೇ ದಿನ ಹಸಿರು. ಮೂರನೇ ದಿನ ಬೆಳಿಗ್ಗೆ ಅಲ್ಲಿನ ನರ್ಸ್ ರೋಸಾ ಫೋನಿಗೆ ಸಿಗ್ನಲ್ ಸಿಗುವವರೆಗೆ ಗುಡ್ಡ ಇಳಿದು ಬಂದು ಕರೆ ಮಾಡಿದಳು. ಫ್ರಿಜ್ಜು ನಿಂತುಹೋಗಿತ್ತು. ನನ್ನ ಪರದೆಯಲ್ಲಿ ಚುಕ್ಕಿ ಇನ್ನೂ ಹಸಿರಾಗಿಯೇ ಇತ್ತು. ಸಂಪರ್ಕ ಕಡಿದರೆ ಪರದೆ ಕೊನೆಗೆ ಕಂಡದ್ದನ್ನೇ ತೋರಿಸುತ್ತ ಕೂರುತ್ತದೆ ಎಂಬುದು ನನಗೆ ಆಗ ಹೊಳೆಯಿತು.

ನಾನು ಸೆರಿಟೋಸ್‌ನಿಂದ, ಫೋಲಾಕೆ ಸ್ಯಾನ್ ಡಿಯೆಗೊದಿಂದ ಹೊರಟು ಹೆಚ್ಚುಕಡಿಮೆ ಒಟ್ಟಿಗೇ ತಲುಪಿದೆವು. ಆಕಾಶ ನಿಚ್ಚಳವಾಗಿತ್ತು. ಹಿಂದಿನ ದಿನ ದೂರದ ಬೆಂಕಿಯ ಹೊಗೆ ಇಡೀ ಊರನ್ನು ಮುಚ್ಚಿತ್ತಂತೆ. ಏನಾಗಿದೆ ಎಂದು ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ನನಗೆ ಗೊತ್ತಾಯಿತು. ಕರೆಂಟ್ ತೆಗೆದಾಗ ಮೊಬೈಲ್ ಟವರೂ ನಿಂತು ಇಂಟರ್ನೆಟ್ ಹೋಗಿತ್ತು. ಸರ್ವರನ್ನು ಕೇಳಲಾಗದ ಡಬ್ಬಿ, ಮೊದಲು ಹೇಳಿದ್ದನ್ನೇ ಪಾಲಿಸುತ್ತ, ಫ್ರಿಜ್ಜಿನ ಜೊತೆ ಖಾಲಿ ಕೋಣೆಗಳ ಎಸಿಯನ್ನೂ ಓಡಿಸಿತ್ತು. ಹೊಗೆಯಲ್ಲಿ ಬ್ಯಾಟರಿ ತುಂಬಲಿಲ್ಲ, ಪೂರ್ತಿ ಬರಿದಾಯಿತು. ಈಗ ಮಾಡಿನ ಮೇಲೆ ಫಲಕಗಳು ಬಿಸಿಲಲ್ಲಿ ಹೊಳೆಯುತ್ತಿವೆ, ಬೇಕಾದಷ್ಟು ಕರೆಂಟ್ ಬಾಗಿಲಿಗೆ ಬಂದು ನಿಂತಿದೆ. ಬಾಗಿಲು ತೆಗೆಯಬೇಕಾದ ನನ್ನ ಡಬ್ಬಿಗೆ ಎಚ್ಚರವಾಗಲು ಬ್ಯಾಟರಿಯಿಂದ ಚೂರು ಕರೆಂಟ್ ಬೇಕು. ಬ್ಯಾಟರಿಯಲ್ಲಿ ಅದಿಲ್ಲ.

ಜೀವನವಿಡೀ ಏನೇನೋ ಆಗಬಹುದೆಂದು ಹೆದರಿದವನು ನಾನು. ಕರೆಂಟ್ ಎಲ್ಲೂ ಇಲ್ಲದಿರಬಹುದು ಎಂದು ಮಾತ್ರ ಹೆದರಿರಲಿಲ್ಲ. ಅಮೆರಿಕಕ್ಕೆ ಬಂದಮೇಲೆ ಆ ಒಂದು ಭಯವನ್ನು ಬಿಟ್ಟುಬಿಟ್ಟಿದ್ದೆ, ಬೇರೆಯವಕ್ಕೆಲ್ಲ ಜಾಗ ಬೇಕಿತ್ತಲ್ಲ.

ರೋಸಾ ಲಸಿಕೆಗಳನ್ನು ಐಸ್ ಪೆಟ್ಟಿಗೆಗೆ ಹಾಕಿಟ್ಟಿದ್ದಳು. "ಇನ್ನೂ ತಂಪಾಗೇ ಇವೆ. ಆದ್ರೆ ಐಸ್ ಕರಗ್ತಾ ಇದೆ," ಎಂದಳು. "ಯಾರ ಡಬ್ಬಿ ಅನ್ನೋದು ನಂಗೆ ಬೇಡ. ಫ್ರಿ‌ಜ್ ಯಾವಾಗ ಶುರುವಾಗುತ್ತೆ ಹೇಳಿ."

ಹಿಂದಿನ ಕೋಣೆಯಲ್ಲಿ ಫೋಲಾಕೆಯ ಡಬ್ಬಿ ಹತ್ತಿಕೊಂಡೇ ಇತ್ತು. ಅದರ ಬ್ಯಾಟರಿಯೂ ಹೊಗೆಯ ದಿನ ಬರಿದಾಗಿತ್ತು. ಬೆಳಗಿನ ಬಿಸಿಲು ಫಲಕಕ್ಕೆ ಬಿದ್ದ ಕೂಡಲೇ ತಾನಾಗಿ ಎದ್ದಿತ್ತು. ಆಕೆ ಬಾಗಿಲ ಪಕ್ಕ ನಿಂತು ತನ್ನ ಬೂಟು ನೋಡಿಕೊಳ್ಳುತ್ತಿದ್ದಳು. ಏನಾದರೂ ಹೇಳಿದ್ದರೆ ಸಿಟ್ಟಾದರೂ ಮಾಡಿಕೊಳ್ಳುತ್ತಿದ್ದೆ.

ನನ್ನ ಡಬ್ಬಿಯಿಂದ ಫ್ರಿಜ್ಜಿನ ಪ್ಲಗ್ ಕಿತ್ತರೆ ತೀರ್ಮಾನವಾಯಿತು ಎಂದೇ ಅರ್ಥ. ಮತ್ತೆ ಸಭೆಯೂ ಬೇಡ, ಬಾದಾಮಿಯೂ ಬೇಡ. ಕಾರಿನ ಹತ್ತಿರ ಹೋಗಿ ಡಿಕ್ಕಿ ತೆಗೆದು ಆ ಉದ್ದನೆಯ ಎಕ್ಸ್‌ಟೆನ್ಷನ್ ವೈರು ತಂದೆ. ಹಿಂದಿನ ಕೋಣೆಯಿಂದ ಫ್ರಿಜ್ಜಿನವರೆಗೆ ಎಳೆದೆ. ಸರಿಯಾಗಿ ಮುಟ್ಟಿತು.

"ನೀನೇ ಹಾಕಮ್ಮ, ನಿನ್ನ ಡಬ್ಬಿ," ಎಂದೆ.

"ಇಲ್ಲ ಅಂಕಲ್. ಫ್ರಿಜ್ ನಿಮ್ದು. ನೀವೇ ಹಾಕಿ."

ನನ್ನ ಡಬ್ಬಿಯಿಂದ ಫ್ರಿಜ್ಜಿನ ಪ್ಲಗ್ ಕಿತ್ತೆ. ಹತ್ತು ವರ್ಷದ ಕೆಲಸ. ಕೀಳುವಾಗ ಸದ್ದೂ ಆಗಲಿಲ್ಲ. ಆಕೆಯ ಡಬ್ಬಿಯಿಂದ ಎಳೆದ ವೈರಿಗೆ ಚುಚ್ಚಿದೆ. ಮೂವರೂ ಫ್ರಿಜ್ಜನ್ನೇ ನೋಡುತ್ತ ನಿಂತೆವು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಒಳಗೆಲ್ಲೋ ಗುರ್ ಎಂದಿತು, ಮೈ ನಡುಗಿಸಿಕೊಂಡಿತು, ಬಾಗಿಲ ಮೇಲಿನ ದೀಪ ಹತ್ತಿತು. ಡಬ್ಬಿ ಸುಮ್ಮನಿತ್ತು. ಅದರ ಕೂಗನ್ನು ತೆಗೆಸಿದ್ದರಲ್ಲ.

"ಬಂತೋ!" ಎಂದು ಯಾರೋ ಕಿರುಚಿದರು.

ಅದು ನಾನು. ಎರಡೂ ಕೈ ಮೇಲಿದ್ದವು. ರೋಸಾ ಎದೆ ಹಿಡಿದುಕೊಂಡಳು. ಫೋಲಾಕೆ ಬಾಯಿ ತೆರೆದು ನನ್ನನ್ನು ನೋಡಿ, ಮರುಕ್ಷಣ ತಾನೂ ತನ್ನ ಊರಿನ ಕೂಗು ಹಾಕಿದಳು. ಇಬ್ಬರೂ ಆ ಪುಟ್ಟ ಕ್ಲಿನಿಕ್ಕಿನಲ್ಲಿ ಹುಚ್ಚರ ಹಾಗೆ ಕೂಗಿದೆವು. ಆಮೇಲೆ ನನಗೆ ನಾಚಿಕೆಯಾಗಿ, ವೈರು ಯಾರ ಕಾಲಿಗಾದರೂ ತೊಡರೀತೆಂದು ಅದನ್ನು ಗೋಡೆಗೆ ಟೇಪ್ ಹಾಕಿ ಅಂಟಿಸತೊಡಗಿದೆ.

ಮುಂದಿನ ವಾರ ಮಾರ್ಕ್ ಕೋಣೆಗೆ ಕರೆಸಿದ. "ಡೋಂಟ್ ವರಿ" ಅನ್ನಲಿಲ್ಲ. ಅಲ್ಲಿಗೇ ಗೊತ್ತಾಯಿತು. ಫೋಲಾಕೆಯ ಡಬ್ಬಿಯ ಕೆಳಗೆ ಕೆಲಸ ಮುಂದುವರಿಸಬಹುದು, ಅಥವಾ ಗೌರವದಿಂದ ಅವಧಿಗೆ ಮೊದಲೇ ನಿವೃತ್ತನಾಗಬಹುದು ಎಂದ. ಫೋಲಾಕೆ ಉಳಿಯಿರಿ ಎಂದು ಎರಡು ಸಲ ಕೇಳಿದಳು. ಅವಳು ಅಷ್ಟು ಚೆನ್ನಾಗಿ ಕೇಳದಿದ್ದರೆ ಉಳಿಯುತ್ತಿದ್ದೆನೋ ಏನೋ. ಕೊನೆಯ ತಿಂಗಳುಗಳಲ್ಲಿ ನನ್ನ ಡಬ್ಬಿಗಳನ್ನು ಒಂದೊಂದಾಗಿ ಇಳಿಸಿ ಆಕೆಯವನ್ನು ಏರಿಸುವ ಕೆಲಸಕ್ಕೆ ನಾನೇ ಮೇಲ್ವಿಚಾರಕ. ಪರದೆಯ ಮೇಲೆ ನನ್ನ ಚುಕ್ಕಿಗಳು ಆರುತ್ತ ಬಂದವು. ಹಾಗೆ ಆರುವುದನ್ನು ಸರಿಯಾಗಿ ತೋರಿಸುವಂತೆ ಪರದೆಯನ್ನು ಮೊದಲು ತಿದ್ದಿದ್ದೆ.

ಕೊನೆಯ ದಿನ ಆಫೀಸಿನ ಪಾರ್ಕಿಂಗಿನಲ್ಲಿ ಫೋಲಾಕೆ ಫೋನ್ ಹಿಡಿದುಕೊಂಡು ನಿಂತಿದ್ದಳು. "ಅಂಕಲ್, ಅವತ್ತು ಕೂಗಿದ್ರಲ್ಲ, ಅದು ಬೇಕು. ಡಬ್ಬಿಯಲ್ಲಿ ಹಾಕ್ತೀನಿ. ನಿಮ್ಮ ಒಪ್ಪಿಗೆ ಇದ್ರೆ."

ನಾನು ಕೂಗಿದೆ. ಆಕೆಗೆ ಒಪ್ಪಿಗೆಯಾಗಲಿಲ್ಲ. "ಇದು ಮೀಟಿಂಗಲ್ಲಿ ಕೂಗಿದ ಹಾಗಿದೆ," ಎಂದಳು. ಮತ್ತೆ ಕೂಗಿದೆ. "ಇನ್ನೂ ಕರೆಂಟ್ ಬಂದಿಲ್ಲ ಅಂಕಲ್." ಸುತ್ತಲಿನ ಕಾರುಗಳವರು ನೋಡತೊಡಗಿದ ಮೇಲೆ, ಕಣ್ಣು ಮುಚ್ಚಿ ಗಿರಣಿಯ ಮುಂದಿನ ಸಾಲನ್ನು ನೆನೆಸಿಕೊಂಡು ಕೂಗಿದೆ. ಆಗ ತಲೆಯಾಡಿಸಿದಳು.

ಈಗ ಆ ಡಬ್ಬಿಯನ್ನು ಕೊಂಡವರು ತಮಗೆ ಬೇಕಾದ ಕೂಗನ್ನು ಆರಿಸಿಕೊಳ್ಳಬಹುದು. ಇಬಾದಾನಿನ ಮಕ್ಕಳದೊಂದು, ಘಾನಾದ ರಾಜಧಾನಿ ಅಕ್ರಾದ ಮಾರುಕಟ್ಟೆಯದೊಂದು, ಇನ್ನೂ ಕೆಲವು. ನನ್ನದರ ಹೆಸರು "ಅಂಕಲ್". ಕಳೆದ ವರ್ಷ ಫೋಲಾಕೆ ಒಂದು ವಿಡಿಯೊ ಕಳಿಸಿದಳು. ಅಕ್ರಾದ ಒಂದು ಕ್ಷೌರದ ಅಂಗಡಿ, ದೀಪ ಹತ್ತುತ್ತದೆ, ಡಬ್ಬಿ "ಬಂತೋ!" ಎನ್ನುತ್ತದೆ, ಅರ್ಧ ಕತ್ತರಿಸಿದ ಕೂದಲಿನ ಗಿರಾಕಿಯೊಬ್ಬ ಅದನ್ನೇ ಅಣಕಿಸಿ ನಗುತ್ತಾನೆ. ನನ್ನ ವೃತ್ತಿಜೀವನದ ಅಷ್ಟೂ ಕೆಲಸದಲ್ಲಿ ಇವತ್ತಿಗೂ ಚಾಲ್ತಿಯಲ್ಲಿರುವುದು ಅದೊಂದೇ. ನಾನು ನೋಡದ ಊರುಗಳನ್ನೆಲ್ಲ ಅದು ನೋಡಿದೆ.

ಶೈಲಾ ನನ್ನನ್ನು ಕೇಳದೆ ಆ ಡಬ್ಬಿಯನ್ನೇ ಒಂದು ತರಿಸಿ ನಮ್ಮ ಗರಾಜಿನಲ್ಲಿ ಹಾಕಿಸಿದ್ದಾಳೆ. ಈ ಬೇಸಿಗೆಯಲ್ಲಿ ಬಿಸಿಲಿನ ಹೊಡೆತಕ್ಕೆ ಸೆರಿಟೋಸ್‌ನಲ್ಲೂ ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಅನಘಾ ಕಾಲೇಜಿನಿಂದ ರಜೆಗೆ ಬಂದು ತನ್ನ ಕೋಣೆಯಲ್ಲಿದ್ದಳು. ನಾನು ಟಾರ್ಚ್ ಹುಡುಕುತ್ತ ಗರಾಜಿಗೆ ಬರುವಷ್ಟರಲ್ಲಿ ಡಬ್ಬಿ ತನ್ನ ಕೆಲಸ ಶುರು ಮಾಡಿ, ನನ್ನ ಧ್ವನಿಯಲ್ಲಿ "ಬಂತೋ!" ಎಂದು ಕೂಗಿತು.

ಒಳಗಿನಿಂದ ಅನಘಾ, ಗದಗಿನ ಓಣಿಯಲ್ಲೇ ಹುಟ್ಟಿದವಳ ಹಾಗೆ, "ಬಂತೋ!" ಎಂದು ತಿರುಗಿ ಕೂಗಿದಳು.

ಅವಳು ಹುಟ್ಟಿದಂದಿನಿಂದ ನಾನು ಕನ್ನಡದಲ್ಲೇ ಮಾತಾಡಿಸುತ್ತ ಬಂದಿದ್ದೇನೆ. ಒಮ್ಮೆಯೂ ಕನ್ನಡದಲ್ಲಿ ಉತ್ತರ ಬಂದದ್ದಿಲ್ಲ. ಡಬ್ಬಿ ಒಂದು ಸಲ ಕರೆಯಿತು, ಬಂತು. ಟಾರ್ಚ್ ಹಿಡಿದುಕೊಂಡು ನಾನು ಆ ಡಬ್ಬಿಯನ್ನೇ ನೋಡುತ್ತ ನಿಂತೆ. ಅದನ್ನು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ.